ಪ್ಲಾಸ್ಟಿಕ್ ವಿಂಗಡಿಸುವ ಆಯಸ್ಕಾಂತ

ಆಯಸ್ಕಾಂತಕ್ಕೆ ಪ್ಲಾಸ್ಟಿಕ್ ಅಂಟುವುದಿಲ್ಲವೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೂ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ರೆಮ್ ಮತ್ತು ಅವರ ತಂಡ, ಬೆರಕೆ ಪ್ಲಾಸ್ಟಿಕ್ ಕಸವನ್ನು ಆಯಸ್ಕಾಂತದಿಂದಲೇ ವಿಂಗಡಿಸುವ ವಿಧಾನವನ್ನು ಬೆಳೆಸಿತು.

ನೀರಿನ ಬಾಟಲಿಯನ್ನೇ ನೋಡಿ. ಬಾಟಲಿ ಪೆಟ್ ಎಂಬ ಪ್ಲಾಸ್ಟಿಕ್, ಮುಚ್ಚಳ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್. ಕರಗಿಸಿದರೂ ಇವು ಒಂದಕ್ಕೊಂದು ಸರಿಯಾಗಿ ಬೆರೆಯುವುದಿಲ್ಲ, ಸಿಗುವುದು ಗಟ್ಟಿಯಿಲ್ಲದ ಮಾಲು. ಚೂರು ಮಾಡಿ ನೀರಿಗೆ ಸುರಿದರೆ ಪೆಟ್ ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಅಲ್ಲಿಯವರೆಗೆ ಸಲೀಸು. ತೇಲಿದ್ದರಲ್ಲಿ ಯಾವುದು ಯಾವುದೆಂದು ನೀರು ಹೇಳಲಾರದು: ಪಾಲಿಪ್ರೊಪಿಲೀನ್ ಘನ ಸೆಂಟಿಮೀಟರಿಗೆ ಸುಮಾರು 0.90 ಗ್ರಾಂ, ಗಡಸು ಪಾಲಿಎಥಿಲೀನ್ ಸುಮಾರು 0.95. ಅವಕೆಂಪು ಬೆಳಕಿನಿಂದ ಗುರುತಿಸುವ ಯಂತ್ರಗಳೂ ಇವೆ. ಆದರೆ ಇಂಗಾಲದ ಮಸಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಎದುರಾದರೆ ಅವು ಕುರುಡು.

ಡೆಲ್ಫ್ಟ್ ತಂಡ ಪ್ಲಾಸ್ಟಿಕ್ಕಿನ ತಂಟೆಗೇ ಹೋಗಲಿಲ್ಲ, ನೀರನ್ನು ಬದಲಿಸಿತು. ಕಬ್ಬಿಣದ ಆಕ್ಸೈಡಿನ ಅತಿಸೂಕ್ಷ್ಮ ಕಣಗಳು ತೇಲಾಡುವ ದ್ರವಕ್ಕೆ ಫೆರೊಫ್ಲೂಯಿಡ್ ಎಂದು ಹೆಸರು. ತೂಕವಿಲ್ಲದ ಅಂತರಿಕ್ಷದಲ್ಲಿ ರಾಕೆಟ್ ಇಂಧನವನ್ನು ಪಂಪಿನತ್ತ ಸೆಳೆಯಲೆಂದು ನಾಸಾದ ಸ್ಟೀವ್ ಪ್ಯಾಪೆಲ್ 1963ರಲ್ಲಿ ಇದನ್ನು ರೂಪಿಸಿದ್ದರು. ಕಸದ ಪಾಲಿಗೆ ಅದು ಬಂದದ್ದು ಎಷ್ಟೋ ವರ್ಷಗಳ ನಂತರ.

ಈ ದ್ರವದ ಕೆಳಗೆ ಆಯಸ್ಕಾಂತವಿಟ್ಟರೆ ತಳದ ಪದರ ನೀರಿಗಿಂತ ಭಾರವಾದ ದ್ರವದಂತೆ ವರ್ತಿಸುತ್ತದೆ. ಮೇಲಿಟ್ಟರೆ ಮೇಲಿನ ಪದರ ನೀರಿಗಿಂತ ಹಗುರವಾದುದರಂತೆ. ಆಯಸ್ಕಾಂತದಿಂದ ದೂರ ಸರಿದಂತೆ ಪರಿಣಾಮವೂ ಇಳಿಯುತ್ತದೆ. ಹೀಗಾಗಿ ಪ್ರತಿ ಚೂರೂ ತನ್ನ ಸಾಂದ್ರತೆಗೆ ಹೊಂದುವ ಎತ್ತರದಲ್ಲಿ ನಿಲ್ಲುತ್ತದೆ. ಅಲುಗಾಡದೆ ಹರಿಯುವ ದ್ರವದ ಕೊನೆಯಲ್ಲಿ ಅಡ್ಡಹಲಗೆಗಳನ್ನಿಟ್ಟರೆ ಪಾಲಿಪ್ರೊಪಿಲೀನ್ ಒಂದು ಕಡೆ, ಪಾಲಿಎಥಿಲೀನ್ ಇನ್ನೊಂದು ಕಡೆ. ಬಣ್ಣ ಕಪ್ಪೇ ಇರಲಿ, ಬಿಳಿಯೇ ಇರಲಿ, ಲೆಕ್ಕಕ್ಕಿಲ್ಲ.

ತೊಡಕುಗಳೂ ಇವೆ. ಚೂರಿಗೆ ಗಾಳಿಗುಳ್ಳೆ ಅಂಟಿದರೆ ಅದು ತಪ್ಪು ಪದರಕ್ಕೇರುತ್ತದೆ. ದುಬಾರಿ ದ್ರವವನ್ನು ತೊಳೆದು ಮರಳಿ ಪಡೆಯಬೇಕು. ಎಲ್ಲಕ್ಕಿಂತ ಕಷ್ಟದ್ದೆಂದರೆ ಪೆಟ್ ಮತ್ತು ಪಿವಿಸಿಗಳ ಜೋಡಿ: ಎರಡರ ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ಪೆಟ್ ಕರಗಿಸುವ ಬಿಸಿಗೆ ಪಿವಿಸಿ ಆಮ್ಲ ಬಿಟ್ಟು ಇಡೀ ಮಾಲನ್ನೇ ಕೆಡಿಸುತ್ತದೆ. ಅಲ್ಲಿ ಬೇರೆ ಉಪಾಯವೇ ಬೇಕು.

ಈ ತಂತ್ರವನ್ನು ಡಚ್ ಕಂಪನಿ ಯುಮಿನ್‌ಕಾರ್ಪ್ ಆಮ್‌ಸ್ಟರ್‌ಡ್ಯಾಮಿನ ಕಾರ್ಖಾನೆಗೆ ಇಳಿಸಿತು. 2024ರ ಆರಂಭದಲ್ಲಿ ಅದು ದಿವಾಳಿಯಾಯಿತು. ಆ ಹೊತ್ತಿಗೆ ಯುರೋಪಿನ ಮಾರುಕಟ್ಟೆಯಲ್ಲಿ ಹೊಸ ಪ್ಲಾಸ್ಟಿಕ್ಕೇ ಅಗ್ಗವಾಗಿ, ಮರುಬಳಕೆಯ ಮಾಲಿಗೆ ಗಿರಾಕಿಗಳು ಕಡಿಮೆಯಾಗಿದ್ದರು. ಸೋತದ್ದು ಆಯಸ್ಕಾಂತವಲ್ಲ, ಲೆಕ್ಕದ ಪುಸ್ತಕ.