ಮತದಾರರ ಯಾದಿ ಮತ್ತು ಸ್ವಯಂಸೇವಕನ ಕರ್ತವ್ಯ

ಚುನಾವಣೆಯೆಂದೊಡನೆ ಮತಗಟ್ಟೆಯ ಮುಂದಿನ ಸಾಲು, ಬೆರಳಿನ ಮೇಲಣ ಮಸಿ, ಎಣಿಕೆಯ ದಿನದ ಕಾತರ ಇವೇ ಕಣ್ಣ ಮುಂದೆ ನಿಲ್ಲುವುದು ಸಹಜ. ಆದರೆ ಮತದ ಹಕ್ಕು ಕೈಗೂಡುವುದೋ ಕೈತಪ್ಪುವುದೋ ಎಂಬುದು ಅನೇಕ ವೇಳೆ ಅದಕ್ಕೂ ತಿಂಗಳುಗಳ ಹಿಂದೆಯೇ, ಮತದಾರರ ಯಾದಿಯ ಒಂದು ಸಾಲಿನಲ್ಲಿ ನಿರ್ಧಾರವಾಗಿಬಿಟ್ಟಿರುತ್ತದೆ. ಯಾದಿಯಲ್ಲಿ ಹೆಸರಿಲ್ಲದವನು ಎಂಥ ಯೋಗ್ಯ ಪೌರನಾದರೂ ಮತ ಹಾಕದೆ ಹಿಂದಿರುಗಬೇಕಾಗುತ್ತದೆ. ಆದಕಾರಣ ಮತದಾರರಿಗೆ ನೆರವಾಗಬಯಸುವ ಸ್ವಯಂಸೇವಕನ ಕೆಲಸವೂ ಅಲ್ಲಿಂದಲೇ ಮೊದಲಾಗಬೇಕು.

ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆಯೇ ಇದಕ್ಕೆ ನಿದರ್ಶನ. 1951-52ರಲ್ಲಿ ನಡೆದ ಆ ಚುನಾವಣೆಗೆ ಸುಮಾರು 17 ಕೋಟಿ 30 ಲಕ್ಷ ಮತದಾರರ ಹೆಸರುಗಳು ದಾಖಲಾದವು. ಉತ್ತರ ಭಾರತದ ಹಲವೆಡೆ ಸ್ತ್ರೀಯರು ತಮ್ಮ ಹೆಸರು ಹೇಳಲು ಸಂಕೋಚಪಟ್ಟು, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಯಿಸಿದ್ದರು. ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಸ್ವಂತ ಹೆಸರಿಲ್ಲದ ನಮೂದನ್ನು ಒಪ್ಪಲಿಲ್ಲ. ಕೊನೆಗೆ ಸುಮಾರು 28 ಲಕ್ಷ ಸ್ತ್ರೀಯರ ನಮೂದುಗಳನ್ನು ತೆಗೆದುಹಾಕಬೇಕಾಯಿತು. ಇಲ್ಲಿ ಬಲಾತ್ಕಾರವಿರಲಿಲ್ಲ, ವಂಚನೆಯೂ ಇರಲಿಲ್ಲ; ಒಂದು ಹೆಸರನ್ನು ಬರೆಯಿಸದೆ ಹೋದುದರಿಂದಲೇ ಹಕ್ಕು ನಷ್ಟವಾಯಿತು.

ಹೊರನಾಡ ಕನ್ನಡಿಗರಿಗೆ ಈ ಪ್ರಸಂಗ ದೂರದ್ದೆನಿಸಬೇಕಾಗಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ಮೇರೆಗೆ ಪೌರನು ತಾನು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲಿ ಹೆಸರು ನೋಂದಾಯಿಸಬೇಕು. ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಹೆಸರಿರಕೂಡದು. ಊರಿನಲ್ಲಿ ಮನೆಯಿದೆ ಎಂಬಷ್ಟರಿಂದಲೇ ಅಲ್ಲಿಯ ವಾಸಿಯೆನಿಸುವುದಿಲ್ಲ. ಹಾಗೆಯೇ ತಾತ್ಕಾಲಿಕವಾಗಿ ಬೇರೆಡೆ ಹೋದಮಾತ್ರಕ್ಕೆ ವಾಸ ತಪ್ಪುವುದೂ ಇಲ್ಲ. ಮುಂಬಯಿಯಲ್ಲಿ ಇಪ್ಪತ್ತು ವರ್ಷ ದುಡಿದವನ ಹೆಸರು ಊರಿನ ಯಾದಿಯಲ್ಲಿಯೇ ಉಳಿದಿದ್ದರೆ, ಅಥವಾ ಚಾಳಿನಿಂದ ಉಪನಗರಕ್ಕೆ ಹೋದವನ ವಿಳಾಸ ಬದಲಾಗದಿದ್ದರೆ, ತೊಡಕು ತಿಳಿಯುವುದು ಮತದಾನದ ದಿನವೇ. ಹೆಸರಿನ ಹಿಂದೆ ಊರಿನ ಮೊದಲಕ್ಷರವನ್ನಿಡುವ ನಮ್ಮ ರೂಢಿಯೂ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮರಾಠಿ ಕ್ರಮವೂ ಹೊಂದದೆ ಬರವಣಿಗೆಯಲ್ಲಿ ತಪ್ಪು ನುಸುಳಬಹುದು.

ಸ್ವಯಂಸೇವಕನು ಇಲ್ಲಿ ಮಾಡಬಹುದಾದ ಕೆಲಸ ಸರಳವಾದದ್ದು. ಯಾದಿಯನ್ನು ಮನೆಮನೆಯ ಜನರೊಡನೆ ತಾಳೆನೋಡಬೇಕು. ಹೊಸ ಹೆಸರಿಗೆ 6ನೆಯ ನಮೂನೆ, ಮೃತರ ಅಥವಾ ಬಿಟ್ಟುಹೋದವರ ಹೆಸರು ತೆಗೆಯಲು 7ನೆಯದು, ತಿದ್ದುಪಡಿಗೂ ಸ್ಥಳಾಂತರಕ್ಕೂ 8ನೆಯದು ಎಂದು ತಿಳಿಸಬೇಕು. ಆದರೆ ಸುಳ್ಳು ಹೇಳಿಕೆಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ್ದರಿಂದ, ಮತದಾರನ ಪರವಾಗಿ ತಾನೇ ಊಹಿಸಿ ತುಂಬಕೂಡದು.

ಮತದಾನದ ದಿನ ನೆರವಿಗೂ ಮೇರೆಯುಂಟು. ಅಂಧರ ಅಥವಾ ಅಶಕ್ತರ ಸಂಗಡಿಗನಾಗಿ ಒಳಗೆ ಹೋಗುವವನು 18 ವರ್ಷ ತುಂಬಿದವನಾಗಿರಬೇಕು. ಒಂದೇ ದಿನ ಒಬ್ಬರಿಗಿಂತ ಹೆಚ್ಚು ಮಂದಿಗೆ ಸಂಗಡಿಗನಾಗುವಂತಿಲ್ಲ. ಮತದ ಗುಟ್ಟನ್ನು ಕಾಯುವೆನೆಂದು ಬರೆದುಕೊಡಬೇಕು. ಮತಗಟ್ಟೆಯಿಂದ 100 ಮೀಟರಿನೊಳಗೆ ಮತಯಾಚನೆ ನಿಷಿದ್ಧ. ತನ್ನ ಹೆಸರಿನಲ್ಲಿ ಮತ್ತೊಬ್ಬರು ಮತ ಹಾಕಿರುವುದು ಕಂಡುಬಂದರೆ, ಗುರುತಿನ ಪ್ರಶ್ನೆಗಳಿಗೆ ಸರಿಯಾಗಿ ಉತ್ತರಿಸಿದ ಮತದಾರನು ಟೆಂಡರ್ಡ್ ಮತಪತ್ರವನ್ನು ಕೇಳಿ ಪಡೆಯಬಹುದು. ಇದನ್ನರಿಯದೆ ಮನೆಗೆ ಮರಳಿದವನ ದೂರು ಎಲ್ಲಿಯೂ ದಾಖಲಾಗದು.

ಇನ್ನು ಅಭ್ಯರ್ಥಿಯ ಏಜೆಂಟನಾಗಿ ಒಳಗೆ ಕುಳಿತವನ ಕೆಲಸ ಲೆಕ್ಕಪರಿಶೋಧನೆಯನ್ನು ಹೋಲುತ್ತದೆ. ಮತದಾನಕ್ಕೆ ಮುನ್ನ ನಡೆಯುವ ಪರೀಕ್ಷಾ ಮತದಾನವನ್ನು ಅವನು ನೋಡಬೇಕು. ವ್ಯಕ್ತಿಯ ಗುರುತಿನ ಬಗ್ಗೆ ಸಂಶಯವಿದ್ದರೆ 2 ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು. ಮತದಾನ ಮುಗಿದ ಮೇಲೆ ದಾಖಲಾದ ಮತಗಳ ಲೆಕ್ಕವನ್ನು ಬರೆಯುವ 17ಸಿ ನಮೂನೆಯ ದೃಢೀಕೃತ ಪ್ರತಿಯನ್ನು ಪಡೆಯಬೇಕು. ಎಣಿಕೆಯ ದಿನ ಯಂತ್ರ ತೋರುವ ಮೊತ್ತವನ್ನು ಇದರೊಡನೆ ತಾಳೆನೋಡಲಾಗುತ್ತದೆ. ಸಂಜೆಯ ದಣಿವಿನಲ್ಲಿ ಪ್ರತಿ ಪಡೆಯದೆ ಎದ್ದುಹೋದ ಏಜೆಂಟನು ಮುಂದಿನ ವಾದಕ್ಕೆ ಆಧಾರವನ್ನೇ ಕಳೆದುಕೊಳ್ಳುತ್ತಾನೆ.

ಈ ಕೆಲಸಗಳಲ್ಲಿ ಯಾವುದಕ್ಕೂ ಮೆರವಣಿಗೆ ಬೇಕಿಲ್ಲ, ಭಾಷಣವೂ ಬೇಕಿಲ್ಲ. ಬೇಕಾದದ್ದು ತಾಳ್ಮೆ, ನಿಷ್ಪಕ್ಷಪಾತ ಮತ್ತು ಬರೆದುದನ್ನು ಮತ್ತೊಮ್ಮೆ ಓದಿನೋಡುವ ಅಭ್ಯಾಸ. ಓದುಬರಹ ಬಲ್ಲವರ ಸಂಘಗಳು ವರ್ಷಕ್ಕೊಮ್ಮೆ ತಮ್ಮ ಸದಸ್ಯರ ಹೆಸರುಗಳನ್ನಾದರೂ ಯಾದಿಯೊಡನೆ ಹೋಲಿಸಿ ನೋಡಿದರೆ, ಅದು ಚುನಾವಣೆಯ ಶುದ್ಧಿಗೆ ಸಲ್ಲುವ ನಿಜವಾದ ಸೇವೆಯಾದೀತು.