ತಾರಸಿಗೆ ಮುನ್ನ ಬರಿದಾಗುವ ಕೈ

1948ರಲ್ಲಿ ರಾಜಾಜಿಯವರು ಜಯನಗರಕ್ಕೆ ಅಡಿಗಲ್ಲನ್ನಿಟ್ಟಾಗ ಅದು ಊರ ಹೊರವಲಯ. ಇಂದು ಅಲ್ಲಿಯೂ ಅದರಾಚೆಯ ಬನಶಂಕರಿ, ಜೆ. ಪಿ. ನಗರಗಳಲ್ಲಿಯೂ 30x40ರ ನಿವೇಶನವುಳ್ಳವರೇ ಭಾಗ್ಯಶಾಲಿಗಳು. ಆದರೆ ಭಾಗ್ಯಶಾಲಿಗಳ ಚಿಂತೆ ಗುದ್ದಲಿಪೂಜೆಯ ಮರುದಿನವೇ ಮೊದಲಾಗುತ್ತದೆ.

ಕಂಟ್ರಾಕ್ಟರನು ಚದರಕ್ಕಿಷ್ಟೆಂದು ಲೆಕ್ಕ ಹೇಳುತ್ತಾನೆ. ಚದರವೆಂದರೆ ನೂರು ಚದರಡಿ. ನೀರಿನ ಸಂಪು, ಕಾಂಪೌಂಡು, ಮಳೆನೀರಿನ ಇಂಗುಗುಂಡಿ ಆ ಲೆಕ್ಕದ ಒಳಗೋ ಹೊರಗೋ ಎಂದು ಕೇಳುವವರು ವಿರಳ. ಬರೆಸಿಕೊಳ್ಳದ ಬಾಬೆಲ್ಲವೂ ಮುಂದೆ ‘ಎಕ್ಸ್‌ಟ್ರಾ’ ಎಂಬ ಹೆಸರಿನಲ್ಲಿ ಬಾಗಿಲಿಗೆ ಬರುತ್ತದೆ.

ಇನ್ನು ಸಾಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವು ಮನೆಯ ಮೌಲ್ಯದ ಶೇಕಡ 80ನ್ನು ಮೀರುವಂತಿಲ್ಲ. ಉಳಿದುದನ್ನು ಗೃಹಸ್ಥನೇ, ಸಾಮಾನ್ಯವಾಗಿ ಮೊದಲೇ, ಹೂಡಬೇಕು. ಸಾಲದ ಹಣವೂ ಒಮ್ಮೆಗೇ ಬರದು. ತಳಪಾಯ, ಲಿಂಟಲು, ತಾರಸಿ ಎಂದು ಒಂದೊಂದು ಹಂತದ ಪರಿಶೀಲನೆಯಾದ ಮೇಲೆ ಒಂದೊಂದು ಕಂತು. ಕಂಟ್ರಾಕ್ಟರನಿಗಾದರೋ ಸಿಮೆಂಟು ಕಬ್ಬಿಣಗಳಿಗಾಗಿ ಹಂತ ಆರಂಭವಾಗುವ ಮುನ್ನವೇ ಮುಂಗಡ ಬೇಕು. ಮನೆಯಾಕೆಯ ಬಳೆಗಳು ಒತ್ತೆಗೆ ಬೀಳುವುದು ಈ ನಡುವಣ ವಾರಗಳಲ್ಲಿಯೇ. ಅತ್ತ ಹಳೆಯ ಮನೆಯ ಬಾಡಿಗೆ, ಇತ್ತ ಪಡೆದ ಕಂತುಗಳ ಬಡ್ಡಿ!

ಕರಾರುಪತ್ರದ ಕಂತುಗಳನ್ನು ಬ್ಯಾಂಕಿನ ಹಂತಗಳಿಗೆ ಹೊಂದಿಸಿ ಬರೆಸಿ, ಒಂದು ಹಂತದ ವೆಚ್ಚವನ್ನು ಕೈಯಲ್ಲಿರಿಸಿಕೊಂಡ ಗೃಹಸ್ಥನು ತಾರಸಿಯ ದಿನ ಕಾಂಕ್ರೀಟು ಯಂತ್ರದ ಸದ್ದನ್ನು ನಿಶ್ಚಿಂತೆಯಿಂದ ಕೇಳಬಲ್ಲನು.