ಮರದಲ್ಲಿ ಆಳವಾದ ರಂಧ್ರ ಕೊರೆಯುವಿಕೆ

ಮರದಲ್ಲಿ ಆಳವಾದ ರಂಧ್ರ ಕೊರೆಯುವಿಕೆ ಎಂಬುದು ಬೈರಿಗೆಯ ವ್ಯಾಸಕ್ಕಿಂತ ಹಲವು ಪಟ್ಟು ಉದ್ದದ ರಂಧ್ರವನ್ನು ಓರೆಯಾಗದಂತೆ ತೆಗೆಯುವ ಮರಗೆಲಸದ ಕ್ರಮವಾಗಿದೆ. ದೀಪದ ಕಂಬದೊಳಗೆ ತಂತಿ ಹಾಯಿಸಲು, ಮರದ ಊದುವ ವಾದ್ಯಗಳನ್ನು ತಯಾರಿಸಲು ಇದು ಅಗತ್ಯ. ಹಿಂದೆ ಕೈಬೈರಿಗೆಯಿಂದ ನಡೆಯುತ್ತಿದ್ದ ಈ ಕೆಲಸಕ್ಕೆ ಇಂದು ಕಂಬವುಳ್ಳ ಡ್ರಿಲ್ಲಿಂಗ್ ಯಂತ್ರವನ್ನು ಬಳಸುತ್ತಾರೆ.

ಯಂತ್ರವಿದ್ದ ಮಾತ್ರಕ್ಕೆ ರಂಧ್ರ ನೇರವಾಗುತ್ತದೆಂಬುದು ತಪ್ಪು ತಿಳಿವಳಿಕೆ. ಒಂದು ಡಿಗ್ರಿ ಓರೆಯಾದರೂ 300 ಮಿ.ಮೀ. ಆಳದಲ್ಲಿ ರಂಧ್ರವು ಸುಮಾರು 5 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ತೆಳುವಾದ ಕಂಬವಾದರೆ ಬೈರಿಗೆಯು ಪಕ್ಕದಿಂದ ಹೊರಬಿದ್ದು ಬೆಲೆಬಾಳುವ ಮರ ಹಾಳಾಗುತ್ತದೆ.

ವಿಧಾನ

ಮೊದಲು ಯಂತ್ರದ ಮೇಜು ಬೈರಿಗೆಗೆ ಲಂಬವಾಗಿದೆಯೇ ಎಂದು ನೋಡಬೇಕು. ಬಾಗಿಸಿದ ಗಟ್ಟಿ ತಂತಿಯೊಂದನ್ನು ಚಕ್‌ಗೆ ಸಿಕ್ಕಿಸಿ ಕೈಯಿಂದ ತಿರುಗಿಸಿದಾಗ ಅದರ ತುದಿ ಸುತ್ತಲೂ ಮೇಜನ್ನು ಒಂದೇ ಸಮನಾಗಿ ಸೋಕಬೇಕು. ಆರಂಭಕ್ಕೆ ಗಿಡ್ಡ ಬೈರಿಗೆಯೇ ಲೇಸು, ಉದ್ದನೆಯದು ಬಾಗುತ್ತದೆ. ಗಿಡ್ಡದು ಮಾಡಿದ ದಾರಿಯಲ್ಲಿ ಬಳಿಕ ಉದ್ದನೆಯದನ್ನು ಇಳಿಸಬಹುದು. ಬೈರಿಗೆಯ ಸುರುಳಿ ತೋಡು ಪೂರ್ತಿ ಮರದೊಳಗೆ ಹೂತುಹೋದರೆ ಹೊಟ್ಟು ಹೊರಬರಲು ದಾರಿಯಿರುವುದಿಲ್ಲ. ಆಗ ಬೈರಿಗೆ ಬಿಸಿಯಾಗಿ, ಮರ ಸುಟ್ಟು, ದಾರಿ ತಪ್ಪುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಕೊರೆದು ಮತ್ತೆ ಮತ್ತೆ ಮೇಲೆತ್ತಬೇಕು. ತುದಿಯಲ್ಲಿ ತಿರುಪುಳ್ಳ ಬೈರಿಗೆಯನ್ನು ಈ ಯಂತ್ರದಲ್ಲಿ ಬಳಸುವುದು ಅಪಾಯಕರ. ಅದು ತಾನಾಗಿಯೇ ಮರದೊಳಗೆ ಎಳೆದುಕೊಂಡು ಹೋಗುತ್ತದೆ. ಮರದ ತುಂಡನ್ನು ಕೈಯಲ್ಲಿ ಹಿಡಿಯದೆ ಮೇಜಿಗೆ ಬಿಗಿಯಬೇಕು.

ಯಂತ್ರದ ಇಳಿತಕ್ಕಿಂತ ರಂಧ್ರ ಆಳವಾಗಿದ್ದರೆ ಎರಡೂ ತುದಿಗಳಿಂದ ಕೊರೆಯುತ್ತಾರೆ. ಮೇಜಿಗೆ ಬಿಗಿದ ಹಲಗೆಯಲ್ಲಿ, ಬೈರಿಗೆಯ ನೇರ ಕೆಳಗೆ, ರಂಧ್ರದಷ್ಟೇ ವ್ಯಾಸದ ಗೂಟವನ್ನು ನಿಲ್ಲಿಸಲಾಗುತ್ತದೆ. ಅರ್ಧ ಕೊರೆದ ತುಂಡನ್ನು ಬೋರಲು ಹಾಕಿ ಗೂಟದ ಮೇಲೆ ಕೂರಿಸಿದರೆ ಎರಡು ರಂಧ್ರಗಳೂ ನಡುವೆ ಕೂಡುತ್ತವೆ. ಈ ನಡುವೆ ಮೇಜು ಕದಲಿದರೆ ಅಷ್ಟೂ ಶ್ರಮ ವ್ಯರ್ಥ. ದುಂಡು ಕಂಬದ ಯಂತ್ರಗಳಲ್ಲಿ ಮೇಜನ್ನು ಏರಿಸಿ ಇಳಿಸುವಾಗ ಅದು ಪಕ್ಕಕ್ಕೆ ತಿರುಗುವುದು ಸಾಮಾನ್ಯ.

ಮರದ ಗುಣ

ಬೈರಿಗೆಯು ಗಟ್ಟಿ ಪದರವನ್ನು ಬಿಟ್ಟು ಮೃದು ಪದರದತ್ತ ವಾಲುತ್ತದೆ. ಎಳೆ ನೇರವಾಗಿರುವ, ಗಂಟಿಲ್ಲದ, ಚೆನ್ನಾಗಿ ಒಣಗಿದ ಮರವೇ ಇದಕ್ಕೆ ಯೋಗ್ಯ. ತೇಗದಲ್ಲಿ ಸಿಲಿಕಾ ಅಂಶವಿರುವುದರಿಂದ ಬೈರಿಗೆ ಬೇಗ ಮೊಂಡಾಗುತ್ತದೆ. ಮರಗಳ ಇಂತಹ ಗುಣಗಳ ಅಧ್ಯಯನ ಉತ್ತರ ಬೆಂಗಳೂರಿನ ಯಶವಂತಪುರಕ್ಕೆ ಸಮೀಪದ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾಲಯವಾಗಿ ಆರಂಭವಾದ ಇದು 1988ರಲ್ಲಿ ಈಗಿನ ರೂಪ ಪಡೆಯಿತು.